ಸ್ಟೀಲ್ ಕಟ್ಟೆಗೆ ರಾತ್ರಿಯಿಡೀ ಬ್ಲೀಚ್ ಬೇಡ: ಒಂದು ಸ್ಪಷ್ಟನೆ

ಬೆಂಗಳೂರಿನ ದರ್ಶಿನಿ, ಕೇಟರಿಂಗ್ ಅಡುಗೆಮನೆಗಳವರ ಮೊಬೈಲ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಅಸಲಿ ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದೇ ಇಲ್ಲ, ಅಯಸ್ಕಾಂತ ಅಂಟಿದರೆ ಅದು ನಕಲಿ, ಕಲೆ ಹೋಗಬೇಕಾದರೆ ರಾತ್ರಿ ಬ್ಲೀಚ್ ಸುರಿದು ಬಿಡಿ. ಮೂರೂ ತಪ್ಪು. ಮೂರನೆಯದನ್ನು ಪಾಲಿಸಿದರೆ ದುಬಾರಿ ಕಟ್ಟೆಯೇ ಹಾಳು.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪದರವಾಗುತ್ತದೆ. ಲೋಹವನ್ನು ಕಾಯುವುದು ಆ ಪದರವೇ. ಸಣ್ಣ ಗೀರು ಬಿದ್ದರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಬ್ಲೀಚಿನ ಅಥವಾ ಉಪ್ಪಿನ ಕ್ಲೋರೈಡ್ ಗಂಟೆಗಟ್ಟಲೆ ನಿಂತರೆ ಪದರ ಅಲ್ಲಲ್ಲಿ ಒಡೆದು, ಸೂಜಿಮೊನೆಯಷ್ಟು ಕುಳಿಗಳು ಬೀಳುತ್ತವೆ. ಸಿಂಕಿನ ಮೂಲೆಯಲ್ಲಿ ಕಾಣುವ ಕಂದು ಚುಕ್ಕೆಯನ್ನು ಉಗುರಿನಿಂದ ಸವರಿ ನೋಡಿ. ತಗ್ಗು ತಾಗಿದರೆ ಅದು ಕಲೆಯಲ್ಲ, ಕೊರೆತ. ಯಾವ ಪುಡಿ ಹಾಕಿ ಉಜ್ಜಿದರೂ ಅದು ತುಂಬದು. ಬ್ಲೀಚಿಗೆ ಆಸಿಡ್ ಬೆರೆಸುವವರೂ ಇದ್ದಾರೆ. ದಯವಿಟ್ಟು ಬೇಡ, ಅದರಿಂದ ಹೊರಡುವುದು ವಿಷಕಾರಿ ಕ್ಲೋರಿನ್ ಅನಿಲ.

ಇನ್ನು ಅಯಸ್ಕಾಂತ. 430 ದರ್ಜೆಯ ಉಕ್ಕಿಗೆ ಅದು ಅಂಟುತ್ತದೆ, ಆದರೂ ಅದು ಸ್ಟೇನ್‌ಲೆಸ್ಸೇ. ಸಾಮಾನ್ಯವಾಗಿ ಅಯಸ್ಕಾಂತ ಅಂಟದ 304 ದರ್ಜೆಯಲ್ಲೂ ಬಾಗಿಸಿದ ಅಂಚು ಅದನ್ನು ತುಸು ಸೆಳೆಯಬಹುದು.

ದಿನನಿತ್ಯಕ್ಕೆ ಬಿಸಿನೀರು, ಸೌಮ್ಯ ಸಾಬೂನು, ಮೆತ್ತನೆಯ ಬಟ್ಟೆ ಸಾಕು. ಲೋಹದ ಗೆರೆ ಹರಿದ ದಿಕ್ಕಿನಲ್ಲೇ ಒರೆಸಿ. ಪಾತ್ರೆ ಉಜ್ಜುವ ಕಬ್ಬಿಣದ ನಾರಿನ ಚೂರುಗಳು ಮೇಲ್ಮೈಯಲ್ಲಿ ಉಳಿದು ತುಕ್ಕಾಗುತ್ತವೆ, ಅದನ್ನು ದೂರವಿಡಿ. ಬೋರ್‌ವೆಲ್ ನೀರು ಬಿಟ್ಟ ಬಿಳಿ ಕಲೆಗೆ ವಿನಿಗರ್ ಸವರಿ, ತೊಳೆದು, ಒಣಬಟ್ಟೆಯಲ್ಲಿ ಒರೆಸಿ. ಸೋಂಕು ನಿವಾರಣೆಗೆ ಕ್ಲೋರಿನ್ ಬೇಕೇಬೇಕೆಂದರೆ ಡಬ್ಬಿಯ ಮೇಲೆ ಹೇಳಿದಷ್ಟು ನೀರು ಬೆರೆಸಿ, ಹೇಳಿದ ಸಮಯ ಮುಗಿದೊಡನೆ ಚೆನ್ನಾಗಿ ತೊಳೆದುಬಿಡಿ.