ಸಾಯಲೊಲ್ಲದ ಟ್ಯಾಂಕು

ಮರಾಠಿಯ ‘ಲಾಗ್ಲಂ ಕಾ?’ ಎಂಬ ಪ್ರಶ್ನೆಗೆ ‘ಕನೆಕ್ಟ್ ಆಯ್ತಾ?’ ಅಂತಲೂ ಅರ್ಥ, ‘ಪೆಟ್ಟಾಯ್ತಾ?’ ಅಂತಲೂ ಅರ್ಥ. ಸೇನೆಯ ಟ್ಯಾಂಕಿಗೆ ಅಣಕು ಯುದ್ಧದ ಲೇಸರ್ ತರಬೇತಿ ಕಿಟ್ ಕಟ್ಟುವಾಗ ಎರಡೂ ಒಟ್ಟಿಗೇ ಆಗುತ್ತವೆ. ಪುಣೆಗೆ ಬಂದು ಹತ್ತು ವರ್ಷವಾದ ವಿಜಯಪುರದ ಹುಡುಗ ಒಳಗಿಂದ ‘ಲಾಗ್ಲಂ!’ ಎಂದು ಕೂಗಿದರೆ ಹೊರಗಿನವರು ಸ್ವಿಚ್ ಒತ್ತಿಬಿಡುತ್ತಾರೆ. ಅವನು ಹೇಳಿದ್ದು ತನ್ನ ನೆತ್ತಿಯ ವಿಷಯ.

ಕಿಟ್‌ನ ತತ್ವ ಸುಲಭ. ಗುಂಡಿನ ಬದಲು ಸುಮಾರು 905 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಲೇಸರ್. ಎದುರಿನ ಗಾಡಿಯ ನಾಲ್ಕೂ ಮಗ್ಗುಲಿಗೆ ಡಿಟೆಕ್ಟರ್ ಪಟ್ಟಿ. ಕಿರಣ ತಾಗಿದರೆ ನೆತ್ತಿಯ ದೀಪ ಮಿಣುಕುತ್ತದೆ, ಅಂದರೆ ಸತ್ತ ಲೆಕ್ಕ. ಕಿರಣ ಕಾಣುವುದಿಲ್ಲವಾದ್ದರಿಂದ ದೀಪ ಮಿಣುಕದಿದ್ದರೆ ಬೈಗುಳವೆಲ್ಲ ಗುರಿಕಾರನಿಗೆ. ನಿಜವಾದ ಅಪರಾಧಿ ಕೇಬಲ್ ತುದಿಯಲ್ಲಿ ತೆಪ್ಪಗೆ ಕೂತಿರುತ್ತದೆ. ಅಥವಾ ಕೂತೇ ಇರುವುದಿಲ್ಲ.

ಆ ದುಂಡನೆಯ ಲೋಹದ ಕನೆಕ್ಟರಿನ ಒಳಗೊಂದು ಕೊರಕಲು, ಅದಕ್ಕೆ ಹೊಂದುವ ಉಬ್ಬು ಇನ್ನೊಂದರಲ್ಲಿ. ಬಹಳಷ್ಟಕ್ಕೆ ಹೊರಗೆ ಬಣ್ಣದ ಗುರುತೂ ಇರುತ್ತದೆ. ಗುರುತಿಗೆ ಗುರುತು ಕೂಡಿಸಿ, ನೇರ ಒತ್ತಿ, ಆಮೇಲೆ ಹೊರಗಿನ ಬಳೆಯನ್ನಷ್ಟೇ ತಿರುಗಿಸಬೇಕು, ‘ಟಕ್’ ಅನ್ನುವವರೆಗೆ. ನಮ್ಮವರು ಉಪ್ಪಿನಕಾಯಿ ಭರಣಿಯ ಮುಚ್ಚಳದಂತೆ ಒತ್ತುತ್ತಲೇ ತಿರುಚುತ್ತಾರೆ. ಪಿನ್ನು ಬಾಗುತ್ತದೆ. ವಿದ್ಯುತ್ತಿನ ಪಿನ್ ತಾಗಿ ಸಿಗ್ನಲ್ ಪಿನ್ ತಾಗದಿದ್ದರೆ ಕನ್ಸೋಲ್ (ಕಿಟ್‌ನ ನಿಯಂತ್ರಣ ಪೆಟ್ಟಿಗೆ) ಜೀವಂತ, ಪಟ್ಟಿ ಕುರುಡು. ಯಾರು ಎಷ್ಟು ಹೊಡೆದರೂ ಟ್ಯಾಂಕಿಗೆ ಸಾವಿಲ್ಲ. ಹಿರಣ್ಯಕಶಿಪು ಘೋರ ತಪಸ್ಸು ಮಾಡಿ ಬೇಡಿದ ವರ ಇಲ್ಲಿ ಕಾಲು ಸುತ್ತು ಕಡಿಮೆ ತಿರುಗಿಸಿದರೆ ಸಿಗುತ್ತದೆ. ಪಿನ್ ಮುರಿದ ಮೇಲೆ ಬುಧವಾರ ಪೇಟೆಯ ತಪಕೀರ್ ಗಲ್ಲಿಗೆ ಓಡುವ ಸಲಹೆಗಾರರೂ ಇದ್ದಾರೆ. ಅಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವುದು ನಿಜ, ಆದರೆ ‘ಹೆಚ್ಚುಕಡಿಮೆ ಇಂಥದ್ದೇ’ ಕನೆಕ್ಟರು ಟ್ಯಾಂಕಿನ ನಡುಕಕ್ಕೆ ಮಧ್ಯಾಹ್ನದವರೆಗೂ ತಡೆಯಲಾರದು.

ಇನ್ನು ಗೋಪುರ, ಅಂದರೆ ಗನ್ ಹೊತ್ತ ಮೇಲ್ಭಾಗ. ಅದು ತಿರುಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಕೇಬಲ್ ಕಟ್ಟುವಾಗ ಮಾತ್ರ ಮರೆತುಹೋಗುತ್ತದೆ. ಹಲ್ಲಿನಿಂದ ಗೋಪುರಕ್ಕೆ ಹೊರಗಿನಿಂದ ಕೇಬಲ್ ಎಳೆದರೆ ಮೊದಲ ಸುತ್ತಿಗೇ ರೀಲಿಗೆ ದಾರ ಸುತ್ತಿದಂತೆ ಸುತ್ತಿ ಪಟ್ ಅನ್ನುತ್ತದೆ. (ಹಲ್ ಅಂದರೆ ಟ್ಯಾಂಕಿನ ಕೆಳಮೈ, ಬಾಯಿಯದ್ದಲ್ಲ.) ಗೋಪುರದ ಪಟ್ಟಿ ಗೋಪುರದಲ್ಲೇ ಮುಗಿಯಬೇಕು. ಕ್ಲಿಪ್ ಬಿಗಿಯುವ ಮುಂಚೆ ಗೋಪುರವನ್ನು ನಿಧಾನಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ, ಮುಚ್ಚಳಗಳನ್ನೆಲ್ಲ ಒಮ್ಮೆ ತೆರೆದು ಮುಚ್ಚಿ ನೋಡಬೇಕು. ಮುಚ್ಚಳಕ್ಕೆ ಸಿಕ್ಕ ಕೇಬಲ್ಲು ಹಪ್ಪಳವಾಗುತ್ತದೆ.

ಪಟ್ಟಿಗಳನ್ನು ಹಿಡಿಯುವ ವೆಲ್ಕ್ರೊ ಅಂಟಿಸುವ ಜಾಗವನ್ನು ತೊಳೆದು, ಒಣಗಿಸಿ, ಸ್ಪಿರಿಟ್‌ನಿಂದ ಒರೆಸದಿದ್ದರೆ ಅದು ಟ್ಯಾಂಕಿಗಲ್ಲ, ಧೂಳಿಗೆ ಅಂಟುತ್ತದೆ. ಆಮೇಲೆ ಧೂಳಿನ ಸಮೇತ ಉದುರುತ್ತದೆ. ಪುಣೆಯ ಜೂನ್ ಮಳೆಯಲ್ಲಿ ನೀರು ಕೇಬಲ್ ಗುಂಟ ಇಳಿದು ಕನೆಕ್ಟರಿಗೇ ಹೋಗುತ್ತದೆ. ಕೇಬಲ್ಲನ್ನು ಕನೆಕ್ಟರಿನ ಕೆಳಗೆ ಸ್ವಲ್ಪ ಜೋಲುಬಿಟ್ಟು ಮೇಲಕ್ಕೆ ತಂದರೆ ಜೋಲಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ. ಡಿಟೆಕ್ಟರಿನ ಮುಂದೆ ನೀರಿನ ಕ್ಯಾನು ನೇತುಹಾಕುವವರಿಗೆ ಹೇಳಿ ಪ್ರಯೋಜನವಿಲ್ಲ.

24 ವೋಲ್ಟ್ ಸಂಪರ್ಕವನ್ನು ಮಾಸ್ಟರ್ ಸ್ವಿಚ್ ಆರಿಸಿಯೇ ಕೊಡಬೇಕು. ನಂತರ ಕನ್ಸೋಲಿನಲ್ಲಿ ಗಾಡಿಯ ಜಾತಿ. ಪ್ರತಿ ಆಯುಧದ ಕಿರಣದಲ್ಲೂ ಅದರದೇ ಸಂಕೇತ ಇರುತ್ತದೆ. ಟ್ಯಾಂಕು ರೈಫಲ್ಲಿನದನ್ನು ಕ್ಯಾರೇ ಅನ್ನುವುದಿಲ್ಲ. ಅವಸರದಲ್ಲಿ ‘ಟ್ರಕ್’ ಎಂದು ಸೆಟ್ ಮಾಡಿದರೆ 40 ಟನ್ನಿಗೂ ಮಿಕ್ಕ ಉಕ್ಕು ಒಬ್ಬ ಜವಾನನ ರೈಫಲ್ಲಿಗೆ ಪ್ರಾಣ ಬಿಡುತ್ತದೆ. ಆ ಜವಾನ ವಾರವಿಡೀ ನೆಲದ ಮೇಲೆ ನಡೆಯುವುದಿಲ್ಲ.

ಕೊನೆಗೆ ಲೇಸರನ್ನು ದೂರದ ಗುರುತಿಗೆ ಗನ್ನಿನ ಸೈಟ್ (ಗುರಿ ನೋಡುವ ದುರ್ಬೀನು) ಜೊತೆ ಹೊಂದಿಸಬೇಕು. ಹತ್ತಿರದ ಗೋಡೆಗೆ ಹೊಂದಿಸಿದರೆ ಗೋಡೆಗಷ್ಟೇ ಬೀಳುತ್ತದೆ. ಆಮೇಲೆ ಅಂಪೈರ್ ಗನ್ನಿನಿಂದ, ಅಂದರೆ ತೀರ್ಪುಗಾರನ ಕೈಯ ಲೇಸರಿನಿಂದ, ನಾಲ್ಕೂ ಮಗ್ಗುಲಿಗೆ ಒಂದೊಂದು ಹೊಡೆತ, ಕನ್ಸೋಲಿನ ಮುಂದೆ ಕೂತವನು ಪ್ರತಿ ಸಲ ಕೂಗಬೇಕು. ಎಡ, ‘ಲಾಗ್ಲಂ!’ ಬಲ, ‘ಲಾಗ್ಲಂ!’ ಮುಂದೆ, ‘ಲಾಗ್ಲಂ!’ ಹಿಂದಕ್ಕೆ ಇನ್ನೂ ಗನ್ ಎತ್ತಿರುವುದಿಲ್ಲ, ಅಷ್ಟರಲ್ಲೇ ಒಳಗಿಂದ ಇನ್ನೊಂದು ‘ಲಾಗ್ಲಂ!’ ಬರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.