ರಸಮಟ್ಟದ ಸಂಸಾರ

ನಮ್ಮವರ ಜೇಬಿನಲ್ಲಿ ದುಡ್ಡು ಇರುತ್ತದೆಯೋ ಇಲ್ಲವೋ, ರಸಮಟ್ಟವಂತೂ ಇರುತ್ತದೆ. ಗಾರೆ ಕೆಲಸದವರು ಗೋಡೆಯ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾರಲ್ಲ, ಗಾಜಿನ ಕೊಳವೆಯಲ್ಲಿ ಹಸಿರು ದ್ರವ, ದ್ರವದೊಳಗೊಂದು ಗುಳ್ಳೆ, ಅದೇ. ಎರಡು ವರ್ಷಗಳಿಂದ ನಮ್ಮ ಸಂಸಾರದ ಸುಖದುಃಖಗಳನ್ನೆಲ್ಲ ಆ ಗುಳ್ಳೆಯೇ ತೀರ್ಮಾನಿಸುತ್ತಿದೆ. ನಿನ್ನೆಯಿಂದ ನನ್ನ ಹೊಟ್ಟೆಪಾಡಿಗೂ ಅದು ಕೈ ಹಾಕಿದೆ. ಅದಕ್ಕೇ ಈ ಸಿಟ್ಟು.

ಮನೆಯನ್ನು ಬಿಟ್ಟು ಕ್ಯಾರವಾನ್ ಹತ್ತಿ ಎರಡು ವರ್ಷವಾಯಿತು. ಗಾಡಿಯೇ ಮನೆ, ಊಟದ ಮೇಜೇ ಕಚೇರಿ, ಮೇಜನ್ನು ಕೆಳಗಿಳಿಸಿದರೆ ಅದೇ ಮಂಚ. ಹೀಗೆ ಮಲಗುವ ಜಾಗದಲ್ಲೇ ದುಡಿಯುವುದರಿಂದ ನನಗೆ ದುಡಿಯುವಾಗ ನಿದ್ದೆ, ಮಲಗಿದಾಗ ಕೆಲಸದ ಯೋಚನೆ. ಹೊಸ ಫ್ರಿಜ್ಜು, ವಾಷಿಂಗ್ ಮೆಷಿನ್ನು ಕೊಂಡಾಗ ಪೆಟ್ಟಿಗೆಯ ತಳದಲ್ಲಿ ಒಂದು ಪುಸ್ತಕ ಸಿಗುತ್ತದೆ. ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ನೀವು ಅದನ್ನು ಕಪಾಟಿನ ಮೂಲೆಗೆ ಎಸೆಯುತ್ತೀರಿ. ಆ ಪುಸ್ತಕ ಬರೆಯುವವಳು ನಾನು. ನಮ್ಮವರು ದೂರದಲ್ಲಿರುವವರ ಕಂಪ್ಯೂಟರುಗಳನ್ನು ಇಲ್ಲಿಂದಲೇ ರಿಪೇರಿ ಮಾಡುತ್ತಾರೆ. ಅವರ ಕೆಲಸ ಸಂಜೆಯ ಮೇಲೆ. ಅಂದರೆ ಹಗಲೆಲ್ಲ ಬಿಡುವು. ಬಿಡುವೂ ರಸಮಟ್ಟವೂ ಒಬ್ಬರ ಕೈಯಲ್ಲೇ ಇದ್ದರೆ ಏನಾಗುತ್ತದೆ ಎಂದು ಮುಂದೆ ಹೇಳುತ್ತೇನೆ.

"ನೀವು ಪುಣ್ಯವಂತರು, ಸಮುದ್ರ ನೋಡುತ್ತಾ ಕೆಲಸ ಮಾಡುತ್ತೀರಿ" ಎನ್ನುವವರಿಗೆ ಒಂದು ಮಾತು. ಸಮುದ್ರದ ಮುಂದೆ ಲ್ಯಾಪ್‌ಟಾಪ್ ತೆರೆದರೆ ಪರದೆಯಲ್ಲಿ ಕಾಣುವುದು ನಮ್ಮದೇ ಬೆವರಿದ ಮುಖ. ಆದ್ದರಿಂದ ಕಿಟಕಿಯ ಪರದೆ ಎಳೆದು, ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತೇವೆ. ಸೋಮವಾರದಿಂದ ಶುಕ್ರವಾರದವರೆಗೆ ಕೆಲಸ, ಶನಿವಾರ ಹೊರಟರೆ ರಸ್ತೆಯಲ್ಲಿ ಲೋಕವೆಲ್ಲ ಇರುತ್ತದೆ. ಎರಡು ವರ್ಷಗಳಲ್ಲಿ ನಾನು ಅತಿ ಹೆಚ್ಚು ನೋಡಿದ ಪ್ರೇಕ್ಷಣೀಯ ಸ್ಥಳವೆಂದರೆ ವಾಹನ ನಿಲುಗಡೆಯ ಜಾಗ.

ಇನ್ನು ವಿದ್ಯುತ್ತು. ನಮ್ಮದು 12 ವೋಲ್ಟಿನ, 200 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ. ಮನೆಯ ಮೀಟರಿನ ಭಾಷೆಯಲ್ಲಿ ಹೇಳಿದರೆ ಎರಡೂವರೆ ಯುನಿಟ್. ಲ್ಯಾಪ್‌ಟಾಪಿಗೆ ಅರವತ್ತು ವ್ಯಾಟ್, ಉಪಗ್ರಹ ಇಂಟರ್ನೆಟ್ಟಿನ ತಟ್ಟೆಗೆ ಇನ್ನೊಂದು ಅರವತ್ತು. ನಾನು ಎಂಟು ಗಂಟೆ ಕೂತು ಎದ್ದರೆ ಒಂದು ಯುನಿಟ್ ಗುಳುಂ. ಸಂಜೆ ಅವರದೂ ಅಷ್ಟೇ. ಉಳಿದ ಅರ್ಧ ಯುನಿಟ್ಟಿನಲ್ಲಿ ದೀಪ, ಫ್ಯಾನು, ನೀರಿನ ಪಂಪು. ನಡುವೆ ಯಾರಾದರೂ 1500 ವ್ಯಾಟಿನ ಕೆಟಲ್ ಹಾಕಿದರೆ ನಮ್ಮ 1000 ವ್ಯಾಟಿನ ಇನ್ವರ್ಟರು ಕುಯ್ ಎಂದು ಕಿರುಚಿ ಕಣ್ಣು ಮುಚ್ಚುತ್ತದೆ. ಛಾವಣಿಯ ಸೌರ ಫಲಕಕ್ಕೆ ಬಿಸಿಲು ಬೇಕು, ಒಳಗಿರುವ ನಮಗೆ ನೆರಳು ಬೇಕು. ಮರದಡಿ ನಿಲ್ಲಿಸಿದರೆ ಫಲಕ ಮಲಗುತ್ತದೆ, ಎಲೆಗಳ ಮರೆಯಲ್ಲಿ ಉಪಗ್ರಹವೂ ತಪ್ಪಿಸಿಕೊಳ್ಳುತ್ತದೆ. ಬಯಲಿನಲ್ಲಿ ನಿಲ್ಲಿಸಿದರೆ ಇಂಟರ್ನೆಟ್ಟಿಗೆ ಆರೋಗ್ಯ, ನಾವು ಮಾತ್ರ ತಗಡಿನ ಡಬ್ಬಿಯಲ್ಲಿ ಬೇಯುತ್ತೇವೆ. ನಾವು ಯಾವಾಗಲೂ ಬೇಯುವುದನ್ನೇ ಆರಿಸಿಕೊಳ್ಳುತ್ತೇವೆ, ಏಕೆಂದರೆ ತಿಂಗಳ ಕೊನೆಗೆ ಬಿಲ್ಲು ಕಳಿಸಬೇಕಲ್ಲ.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ರಸಮಟ್ಟ.

ಹೊಸ ಜಾಗಕ್ಕೆ ಬಂದು ನಿಂತೊಡನೆ ಬೇರೆಯವರು ಕೈಕಾಲು ಚಾಚುತ್ತಾರೆ. ನಮ್ಮವರು ಮೊದಲು ಅಡುಗೆ ಕಟ್ಟೆಯ ಮೇಲೆ ರಸಮಟ್ಟವನ್ನು ಅಡ್ಡಲಾಗಿ ಇಡುತ್ತಾರೆ. ಆಮೇಲೆ ಉದ್ದಕ್ಕೆ. ಗುಳ್ಳೆ ಬಲಕ್ಕೆ ಸರಿದಿದ್ದರೆ ಮುಖ ಗಂಭೀರವಾಗುತ್ತದೆ. ಹೊರಗಿಳಿದು, ಹಳದಿ ಪ್ಲಾಸ್ಟಿಕ್ಕಿನ ಬೆಣೆಗಳನ್ನು ತೆಗೆದು, ಎಡಗಡೆಯ ಚಕ್ರದ ಮುಂದಿಟ್ಟು, ಗಾಡಿಯನ್ನು ಇಂಚಿಂಚಾಗಿ ಅದರ ಮೇಲೆ ಹತ್ತಿಸುತ್ತಾರೆ. ನಾನು ಒಳಗಿನಿಂದ ಗುಳ್ಳೆಯ ವೀಕ್ಷಕ ವಿವರಣೆ ಕೊಡಬೇಕು. "ಇನ್ನೂ ಬಲಕ್ಕಿದೆ. ಬರುತ್ತಿದೆ, ಬರುತ್ತಿದೆ. ಬಂತು. ಅಯ್ಯೋ, ದಾಟಿತು." ಮತ್ತೆ ಹಿಂದಕ್ಕೆ. ಅಡ್ಡದ ಮಟ್ಟ ಕೂಡಿದರೆ ಉದ್ದದ ಮಟ್ಟ ತಪ್ಪಿರುತ್ತದೆ. "ಸಾಕು ಬಿಡಿ, ಒಂದು ಡಿಗ್ರಿ ತಾನೇ" ಎಂದರೆ ಪಾಠ ಶುರು: "ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ 4 ಮೀಟರ್ ಅಂತರ. ಒಂದು ಡಿಗ್ರಿ ಎಂದರೆ 7 ಸೆಂಟಿಮೀಟರ್. ನಿನ್ನ ತಲೆ ಕಾಲಿಗಿಂತ ಕೆಳಗಿರುತ್ತದೆ." ಹೀಗೆ ಮುಕ್ಕಾಲು ಗಂಟೆ ಕಳೆದ ಮೇಲೆ ಗುಳ್ಳೆ ಎರಡು ಗೆರೆಗಳ ನಡುವೆ ನಿಂತಾಗ ಅವರ ಮುಖದಲ್ಲಿ ಕಾಣುವ ಆನಂದವನ್ನು ನಾನು ನಮ್ಮ ಮದುವೆಯ ಫೋಟೊಗಳಲ್ಲೂ ಹುಡುಕಿದ್ದೇನೆ. ಇಲ್ಲ.

ಇದಕ್ಕೆಲ್ಲ ಮೂಲ ನಮ್ಮ ಫ್ರಿಜ್ಜು. ಅದು ಕಂಪ್ರೆಸರ್ ಇರುವ ಫ್ರಿಜ್ಜಲ್ಲ, ಗ್ಯಾಸಿನ ಉರಿಯಿಂದ ತಂಪು ಮಾಡುವ ಬಗೆಯದು. ಬೆಂಕಿ ಹಚ್ಚಿದರೆ ಮಂಜುಗಡ್ಡೆ! 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಇದನ್ನು ಕಂಡುಹಿಡಿದರು. ಒಳಗೆ ಅಮೋನಿಯ, ನೀರು, ಹೈಡ್ರೋಜನ್ ಸುತ್ತುತ್ತಿರುತ್ತವೆ. ನೂಕುವುದಕ್ಕೆ ಪಂಪಿಲ್ಲ, ದ್ರವ ತಾನಾಗಿ ಇಳಿದು ಬರಬೇಕು. ಗಾಡಿ ಎರಡು ಮೂರು ಡಿಗ್ರಿಗಿಂತ ಹೆಚ್ಚು ವಾಲಿ ನಿಂತರೆ ಅದು ಎಲ್ಲೋ ತಂಗಿಬಿಡುತ್ತದೆ, ತಂಪು ನಿಲ್ಲುತ್ತದೆ, ಹಾಗೆಯೇ ಬಿಟ್ಟರೆ ಫ್ರಿಜ್ಜೇ ಕೆಡುತ್ತದೆ. ಓಡುವಾಗ ಮಾತ್ರ ಗುಂಡಿ ಗೊಟರುಗಳ ಕುಲುಕಾಟದಿಂದ ಎಲ್ಲವೂ ಹರಿಯುತ್ತಿರುತ್ತದೆ. ಅಂದರೆ ಈ ಫ್ರಿಜ್ಜಿಗೆ ಅಲೆದಾಟ ಒಗ್ಗುತ್ತದೆ, ನಿಂತಾಗಲೇ ಕಾಯಿಲೆ.

ನಿಜ ಹೇಳಿಬಿಡುತ್ತೇನೆ. ಈ ವಿಷಯ ನಮ್ಮವರ ತಲೆಗೆ ಹೊಕ್ಕದ್ದು ಗಾಡಿಯ ಜತೆ ಬಂದ ಕೈಪಿಡಿಯಿಂದ. "ಉಪಕರಣವನ್ನು ಸಮತಟ್ಟಾದ ಜಾಗದಲ್ಲಿ ಇರಿಸಿ." ಈ ವಾಕ್ಯವನ್ನು ನಾನು ನೂರಾರು ಬಾರಿ ಬರೆದಿದ್ದೇನೆ. ಫ್ರಿಜ್ಜಿಗೆ, ಒಲೆಗೆ, ತೂಕದ ಯಂತ್ರಕ್ಕೆ, ಒಮ್ಮೆ ನಿದ್ದೆಗಣ್ಣಿನಲ್ಲಿ ಇಸ್ತ್ರಿ ಪೆಟ್ಟಿಗೆಗೂ ಬರೆದೆ. ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದಲೇ ನಾವು ಕೈಪಿಡಿಗಳನ್ನು ಬರೆಯುವುದು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಓದಿದ್ದನ್ನು ಪಾಲಿಸುವ ಒಬ್ಬನೇ ಒಬ್ಬ ಮನುಷ್ಯ ಈ ಲೋಕದಲ್ಲಿದ್ದಾನೆ, ಅವನನ್ನು ನಾನೇ ಮದುವೆಯಾಗಿದ್ದೇನೆ.

ನಿನ್ನೆಯ ಕತೆಗೆ ಬರುತ್ತೇನೆ. ಮೊನ್ನೆ ರಾತ್ರಿ ಮಳೆಯಲ್ಲಿ, ಕತ್ತಲಲ್ಲಿ ಬಂದು ಒಂದು ಇಳಿಜಾರಿನಲ್ಲಿ ನಿಂತೆವು. ಮಟ್ಟ ನೋಡಲು ಆಗಲಿಲ್ಲ. ನಮ್ಮವರಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಗ್ಗೆ ಹತ್ತಕ್ಕೆ ನನಗೊಂದು ವಿಡಿಯೊ ಕರೆ ಇತ್ತು. ವಾಷಿಂಗ್ ಮೆಷಿನ್ನಿನ ಕೈಪಿಡಿಯಲ್ಲಿ ಸುರಕ್ಷತೆಯ ಅಧ್ಯಾಯ. ಹೊಸ ಗ್ರಾಹಕರು, ಅಲ್ಪವಿರಾಮಕ್ಕೂ ವಿವರಣೆ ಕೇಳುವವರು. ನಾನು ಗಾಡಿಯಲ್ಲಿರುವುದು ಅವರಿಗೆ ಗೊತ್ತಿಲ್ಲ. ಸುಳ್ಳು ಹೇಳಿಲ್ಲ, "ಕಚೇರಿಯಿಂದ ಮಾತನಾಡುತ್ತಿದ್ದೇನೆ" ಎಂದಿದ್ದೇನೆ, ಅಷ್ಟೇ. ಹಿಂದಿನ ಕಿಟಕಿಗೆ ಪರದೆ ಎಳೆದು, ಸೊಂಟದ ಮೇಲಕ್ಕೆ ಮಾತ್ರ ಒಳ್ಳೆಯ ಬಟ್ಟೆ ಹಾಕಿಕೊಂಡು ಕೂತೆ.

"ಹತ್ತಕ್ಕೆ ಕರೆ ಇದೆ" ಎಂದು ನಮ್ಮವರಿಗೆ ಹೇಳಿದ್ದೆ. ಆದರೆ ದಾರಿಯಲ್ಲಿ ನಾವು ಸಮಯವಲಯದ ಗೆರೆ ದಾಟಿದ್ದೆವು. ಮೊಬೈಲು ತಾನಾಗಿ ಗಂಟೆ ಬದಲಿಸಿಕೊಂಡಿತು, ಅವರ ಕೈಗಡಿಯಾರ ಬದಲಿಸಿಕೊಳ್ಳಲಿಲ್ಲ. ಅದರಲ್ಲಿ ಇನ್ನೂ ಒಂಬತ್ತೂ ಕಾಲು.

ಮೊದಲು ಎಂಜಿನ್ ಶಬ್ದ ಕೇಳಿಸಿತು. "ಏನದು?" ಎಂದರು ಗ್ರಾಹಕರು. "ಜನರೇಟರ್" ಎಂದೆ. ಆಮೇಲೆ ಎಡಭಾಗ ನಿಧಾನವಾಗಿ ಮೇಲೇಳತೊಡಗಿತು. ಪೆನ್ನು ಮೇಜಿನ ಮೇಲೆ ತನ್ನ ಪಾಡಿಗೆ ತಾನು ಹೊರಟಿತು. ಹಿಂದೆ ತೂಗುಹಾಕಿದ್ದ ರೇನ್‌ಕೋಟು ಗೋಡೆ ಬಿಟ್ಟು ಓರೆಯಾಗಿ ನಿಂತಿತು. ನಾನು ಮೇಜಿನ ಕೆಳಗಿನಿಂದ ಕೈ ಬೀಸಿದೆ, ಮುಂದಿನ ಸೀಟಿನಲ್ಲಿ ಕೂತವರಿಗೆ ಅದು ಕಾಣುವುದು ಹೇಗೆ?

"ಮೇಡಂ, ಕರೆ ಆರಂಭವಾದಾಗ ನೀವು ಬಲಕ್ಕೆ ವಾಲಿದ್ದಿರಿ. ಈಗ ಎಡಕ್ಕೆ ವಾಲುತ್ತಿದ್ದೀರಿ."

"ಬೆನ್ನುನೋವು, ಸರ್."

ಅಷ್ಟರಲ್ಲಿ ಕಿಟಕಿಯ ಪರದೆ, ಅದಕ್ಕೂ ವಾಲಿಕೆ ತಟ್ಟಿತೋ ಏನೋ, ಕಂಬಿಯ ಮೇಲೆ ಸರ್ರನೆ ಜಾರಿ ಬದಿಗೆ ಹೋಯಿತು. ಗ್ರಾಹಕರು ಕನ್ನಡಕ ಸರಿಪಡಿಸಿಕೊಂಡರು. ಬಹಳ ಸೌಜನ್ಯದಿಂದ ಹೇಳಿದರು: "ಮೇಡಂ, ನಿಮ್ಮ ಹಿಂದಿರುವ ಮರ ಹೊರಟಿದೆ."

ಮರ ಹೊರಟಿತ್ತು. ಸ್ವಲ್ಪ ದೂರ ಹೋಗಿ ನಿಂತಿತು. ಯೋಚಿಸಿ ಹಿಂದಕ್ಕೆ ಬಂತು. ಮುಂದಿನ ಸೀಟಿನಿಂದ ಸ್ಪಷ್ಟವಾದ ಗಂಡು ದನಿ ಕೇಳಿಸಿತು: "ಗುಳ್ಳೆ ಎಲ್ಲಿದೆ ನೋಡು!" ಉತ್ತರ ಕೊಡುವುದರೊಳಗೆ ಚಕ್ರ ಬೆಣೆಯಿಂದ ಜಾರಿ ದಡಾರನೆ ಕೆಳಗೆ ಬಿತ್ತು. ಪಾತ್ರೆಯ ಕಪಾಟು ಬಾಯಿ ತೆರೆದು ಇದ್ದುದನ್ನೆಲ್ಲ ಕಕ್ಕಿತು. ಛಾವಣಿಯ ತಟ್ಟೆ ಅದೇ ಮರದ ಕೊಂಬೆಯಡಿ ಬಂದದ್ದರಿಂದ ಇಂಟರ್ನೆಟ್ಟೂ ಹೋಯಿತು. ಪರದೆಯ ಮೇಲೆ ಕೊನೆಯದಾಗಿ ಉಳಿದದ್ದು, "ಬಳಕೆದಾರರ ಸುರಕ್ಷತೆಯೇ" ಎಂಬಲ್ಲಿ ಬಾಯಿ ತೆರೆದು ಕಲ್ಲಾಗಿದ್ದ ನನ್ನ ಮುಖ. ಅವರಿಗೂ ಬಹುಶಃ ಅದೇ ಕಂಡಿರಬೇಕು, ಎಷ್ಟು ಹೊತ್ತೋ ತಿಳಿಯದು.

"ರೀ, ನಾನು ಕರೆಯಲ್ಲಿದ್ದೆ."

"ಕರೆ ಹತ್ತಕ್ಕಲ್ಲವೇ?" ಎಂದು ಕೈಗಡಿಯಾರ ತೋರಿಸಿದರು. ಆಮೇಲೆ, ತಪ್ಪು ತಿಳಿದ ಮೇಲೂ, ಚೆಲ್ಲಿದ ಪಾತ್ರೆಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಕಟ್ಟೆಯ ಮೇಲೆ ರಸಮಟ್ಟ ಇಟ್ಟು ನೋಡಿದರು. ನಾನು ಮಾತು ಬಿಟ್ಟೆ. ಮುಂದಿನ ಸೀಟುಗಳನ್ನು ಬಿಟ್ಟರೆ ಮೂರು ಮೀಟರ್ ಉದ್ದದ ಮನೆಯಲ್ಲಿ ಮಾತು ಬಿಡುವುದು ಸುಲಭವಲ್ಲ. ಮುನಿಸಿಕೊಂಡು ಇನ್ನೊಂದು ಕೋಣೆಗೆ ಹೋಗೋಣವೆಂದರೆ ಇರುವುದು ಕಕ್ಕಸು ಒಂದೇ, ಅಲ್ಲಿ ಕೂತು ಎಷ್ಟು ಹೊತ್ತು ಮುನಿಯಬಹುದು?

ಹಳೆಯ ಮನೆಯ ಬಚ್ಚಲಿನ ನೆಲ ವಾಲಿತ್ತು, ಅದೂ ನೀರು ಹೋಗುವ ಕಿಂಡಿಯ ವಿರುದ್ಧ ದಿಕ್ಕಿಗೆ. ಹನ್ನೊಂದು ವರ್ಷ ನಾವಿಬ್ಬರೂ ಸ್ನಾನವಾದ ಮೇಲೆ ಪೊರಕೆ ಹಿಡಿದು ನೀರನ್ನು ಕಿಂಡಿಯತ್ತ ತಳ್ಳಿದೆವು. ಒಂದು ದಿನವೂ ಇವರು ಅಲ್ಲಿ ರಸಮಟ್ಟ ಇಟ್ಟು ನೋಡಲಿಲ್ಲ. ರಸಮಟ್ಟವೇ ಇರಲಿಲ್ಲ. ಈಗಲೂ ಕೆಲವು ರಾತ್ರಿ ಎಚ್ಚರವಾದಾಗ ದೀಪದ ಗುಂಡಿಗಾಗಿ ನನ್ನ ಕೈ ಆ ಮನೆಯ ಗೋಡೆಯನ್ನು ಹುಡುಕುತ್ತದೆ, ಫ್ರಿಜ್ಜಿಗೆ ತಗಲುತ್ತದೆ. ಅದು ತಣ್ಣಗಿರುತ್ತದೆ. ಅಷ್ಟರಮಟ್ಟಿಗೆ ನಮ್ಮವರ ಶ್ರಮ ಸಾರ್ಥಕ ಎನ್ನಬೇಕು.

ಆ ದಿನವೇ ಅಧ್ಯಾಯ ತಿದ್ದಿ ಕಳಿಸಬೇಕಿತ್ತು. ಸಿಟ್ಟಿನ ಭರದಲ್ಲಿ ಹದಿಮೂರು ಎಚ್ಚರಿಕೆಗಳ ಕೆಳಗೆ ಹದಿನಾಲ್ಕನೆಯದನ್ನು ಕುಟ್ಟಿದೆ: "ಒಳಗೆ ಮನುಷ್ಯರು ಇರುವಾಗ ಯಂತ್ರವನ್ನು ಎತ್ತುವುದಾಗಲಿ ಸರಿಸುವುದಾಗಲಿ ಮಾಡಬಾರದು." ಮನಸ್ಸು ಹಗುರವಾಯಿತು. ಅಳಿಸುವುದನ್ನು ಮರೆತು ಕಳಿಸಿಬಿಟ್ಟೆ.

ಇವತ್ತು ಬೆಳಗ್ಗೆ ಉತ್ತರ ಬಂದಿದೆ. ಮರದ ವಿಷಯವಿಲ್ಲ, ವಾಲಿದ ವಿಷಯವಿಲ್ಲ. ಮೂರು ಅಲ್ಪವಿರಾಮ ತೆಗೆಸಿದ್ದಾರೆ. ಕೊನೆಯಲ್ಲಿ ಒಂದು ಸಾಲು: "ಹದಿನಾಲ್ಕನೆಯ ಎಚ್ಚರಿಕೆ ಉಪಯುಕ್ತವಾಗಿದೆ. ದಪ್ಪಕ್ಷರದಲ್ಲಿ ಹಾಕಿ."

ಹಾಕಿದ್ದೇನೆ. ಅಚ್ಚಾಗಿ ಬರಲಿ. ಓದುವವರು ಒಬ್ಬರಂತೂ ಇದ್ದಾರೆ.