ಕಂಪ್ಯೂಟರಿನಲ್ಲಿ ಬೆಲ್ಲ ಇದೆಯಂತೆ!

ಈ ಆಟೋ ಇಂಡೆಂಟ್, ಅಂದರೆ ಅಂಗಡಿಗೆ ಬೇಕಾದ ಮಾಲಿಗೆ ಕಂಪ್ಯೂಟರೇ ಆರ್ಡರ್ ಹಾಕುವ ವ್ಯವಸ್ಥೆ, ಕಂಡುಹಿಡಿದ ಪುಣ್ಯಾತ್ಮನನ್ನು ಹಬ್ಬದ ಹಿಂದಿನ ದಿನ ನಮ್ಮ ಬೆಲ್ಲದ ರ‍್ಯಾಕ್ ಮುಂದೆ ಎರಡು ಗಂಟೆ ನಿಲ್ಲಿಸಬೇಕು. ಆಮೇಲೆ ಮಾತಾಡೋಣ.

ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ದಿನಸಿ ಸೆಕ್ಷನ್ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲೆಲ್ಲ ಬೆಳಿಗ್ಗೆ ಒಂದು ಸುತ್ತು ಹಾಕಿ, ಏನು ಖಾಲಿಯಾಗಿದೆಯೋ ನೋಡಿ, ನಾವೇ ಇಂಡೆಂಟ್ ಹಾಕುತ್ತಿದ್ದೆವು. ಈಗ ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅದರ ಲೆಕ್ಕ ಕೇಳಿದರೆ ತಪ್ಪೇನಿಲ್ಲ. ದಿನಕ್ಕೆ ಸರಾಸರಿ 6 ಪ್ಯಾಕೆಟ್ ಬೆಲ್ಲ ಹೋಗುತ್ತದೆ. ಹೊಸಕೋಟೆ ಕಡೆಯ ಗೋಡೌನ್‌ನಿಂದ ಮಾಲು ಬರಲು 3 ದಿನ. ಅಲ್ಲಿಗೆ 18. ಇರಲಿ ಅಂತ ಇನ್ನೊಂದು 10. ಸ್ಟಾಕ್ 28ಕ್ಕೆ ಇಳಿದರೆ ಆರ್ಡರ್ ತಾನಾಗೇ ಹೋಗುತ್ತದೆ. ಚೆನ್ನಾಗಿದೆ ಅಲ್ವಾ?

ಆದರೆ ಅದು ಎಣಿಸುವುದು ತನ್ನ ಹೊಟ್ಟೆಯೊಳಗಿನ ಬೆಲ್ಲವನ್ನು. ನನ್ನ ರ‍್ಯಾಕಿನದ್ದನ್ನಲ್ಲ.

2025ರ ಮಾರ್ಚ್ 29, ಶನಿವಾರ. ಬೆಳಗಾದರೆ ಯುಗಾದಿ. ಸ್ಕ್ರೀನ್‌ನಲ್ಲಿ 38 ಪ್ಯಾಕೆಟ್ ಬೆಲ್ಲ. ರ‍್ಯಾಕ್‌ನಲ್ಲಿ ಬರೀ ರೇಟಿನ ಚೀಟಿ. ಆ 38 ಎಲ್ಲಿ ಅಂತೀರಾ? ಹಿಂದಿನ ರೂಮಿನ ನೀಲಿ ಕ್ರೇಟಿನಲ್ಲಿ. ಸೆಕೆಗೆ ಕರಗಿ, ಕವರ್ ಒಡೆದು, ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಮೇಲೆ ಇರುವೆ ಸಾಲು. ಅದನ್ನು ಡಂಪ್, ಅಂದರೆ ಹಾಳಾದ ಮಾಲು, ಅಂತ ತೋರಿಸಿ ಸ್ಟಾಕ್‌ನಿಂದ ತೆಗೆಯಲು ಮೇಲಿನವರ ಒಪ್ಪಿಗೆ ಬೇಕು. ಮೂರು ಸಲ ಮೇಲ್ ಹಾಕಿದೆ. ‘ಈ ತಿಂಗಳ ಡಂಪ್ ಲಿಮಿಟ್ ಮುಗಿದಿದೆ, ಏಪ್ರಿಲ್‌ನಲ್ಲಿ ನೋಡೋಣ’ ಅಂದರು. ಅಲ್ಲಿವರೆಗೂ ಕಂಪ್ಯೂಟರ್ ಪಾಲಿಗೆ ಇರುವೆ ಮುತ್ತಿದ್ದೂ ಬೆಲ್ಲವೇ. ನಾನೇ ಆರ್ಡರ್ ಹಾಕೋಣ ಅಂದರೆ ಆ ಬಟನ್ನಿಗೆ ಬೀಗ. ನಾವು ‘ಸುಮ್ನೆ ಜಾಸ್ತಿ ತರಿಸ್ತೀವಂತೆ’.

ಒಬ್ಬ ಅಜ್ಜಿ ಬಂದರು. “ಏನಪ್ಪಾ, ಇಷ್ಟು ದೊಡ್ಡ ಅಂಗಡಿ ಇಟ್ಕೊಂಡು ಬೆಲ್ಲ ಇಲ್ಲ ಅಂತೀಯಲ್ಲ, ನಾಳೆ ಬರೀ ಬೇವು ತಿನ್ನೋಣ್ವಾ?” ಅಂದರು. ಏನು ಹೇಳಲಿ? ಎದುರಿನ ಶೆಟ್ಟರ ಅಂಗಡಿಗೆ ಕಳಿಸಿದೆ. ಅಲ್ಲಿ ಎರಡು ಮೂಟೆ ಅಚ್ಚು ಬೆಲ್ಲ ಬಂದು ಕೂತಿತ್ತು. ಶೆಟ್ಟರ ಹತ್ತಿರ ಇರುವ ಸಾಫ್ಟ್‌ವೇರ್ ಅಂದರೆ ಗೋಡೆ ಮೇಲಿನ ಕ್ಯಾಲೆಂಡರ್.

ಬೆಲ್ಲ ಒಂದೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಬಿಲ್ಲಿಂಗ್‌ನಲ್ಲಿ ಕ್ಯೂ ಉದ್ದ ಆದಾಗ ಹುಡುಗರು ಮೂರು ಗಂಧದ ಸೋಪು, ಮೂರು ಗುಲಾಬಿ ಸೋಪು ಬಂದರೆ ಗಂಧದ್ದು ಒಂದನ್ನೇ ಸ್ಕ್ಯಾನ್ ಮಾಡಿ 6 ಅಂತ ಒತ್ತುತ್ತಾರೆ. ರೇಟ್ ಒಂದೇ ತಾನೇ! ಗಿರಾಕಿಗೆ ನಷ್ಟ ಇಲ್ಲ. ಆದರೆ ಗುಲಾಬಿ ಸೋಪು ಕಂಪ್ಯೂಟರಿನಲ್ಲಿ ಮುಗಿಯುವುದೇ ಇಲ್ಲ. ಗಂಧದ್ದು ಮೈನಸ್ ನಾಲ್ಕು ತೋರಿಸುತ್ತದೆ. ಮೈನಸ್ ನಾಲ್ಕು ಸೋಪನ್ನು ನಾನು ಯಾವ ರ‍್ಯಾಕಿನಲ್ಲಿ ಜೋಡಿಸಲಿ?

ಇನ್ನೊಂದು ಸಲ ಅಡುಗೆ ಕಂಟ್ರಾಕ್ಟರ್ ಒಬ್ಬರು ಗೃಹಪ್ರವೇಶಕ್ಕೆ ಅಂತ ಒಟ್ಟಿಗೆ 40 ಪ್ಯಾಕೆಟ್ ಶಾವಿಗೆ ಒಯ್ದರು. ಏರಿಯಾದವರೆಲ್ಲ ಮೂರು ಹೊತ್ತೂ ಶಾವಿಗೆ ಪಾಯಸ ಕುಡಿಯುತ್ತಿದ್ದಾರೆ ಅಂತ ಕಂಪ್ಯೂಟರ್ ತೀರ್ಮಾನ ಮಾಡಿತು. ಮುಂದಿನ ವಾರ ನಾಲ್ಕು ಬಾಕ್ಸ್ ಬಂತು. ಇಡಲು ಜಾಗ ಇಲ್ಲದೆ ಫಿನಾಯಿಲ್ ಪಕ್ಕ ಇಟ್ಟೆ. ಅದಕ್ಕೂ ಬೈಸಿಕೊಂಡೆ.

ಬೆಲ್ಲ ಬಂತಾ ಅಂತ ಕೇಳಬೇಡಿ. ಬಂತು, ಏಪ್ರಿಲ್ 3ಕ್ಕೆ. ಎಂಟು ಬಾಕ್ಸ್! 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಇತ್ತು ನೋಡಿ. ಹೋದ ವರ್ಷ ಈ ವಾರ ಬೆಲ್ಲ ಜೋರಾಗಿ ಹೋಗಿತ್ತು, ಈ ವರ್ಷವೂ ಹೋಗುತ್ತದೆ ಅಂತ ಅದರ ಲೆಕ್ಕ. ಎಲ್ಲ ಹಬ್ಬವೂ ಸಂಕ್ರಾಂತಿ ಥರ ಅದೇ ತಾರೀಖಿನ ಆಸುಪಾಸಿನಲ್ಲೇ ಬರುತ್ತದೆ ಅಂತ ಅದಕ್ಕೆ ಹೇಳಿಕೊಟ್ಟವರು ಯಾರೋ! ಒಬ್ಬಟ್ಟು ತಿಂದು ಜನ ಕೈ ತೊಳೆದು ನಾಲ್ಕು ದಿನ ಆಗಿತ್ತು.

ಏಪ್ರಿಲ್ ಕೊನೆಗೆ ರಿವ್ಯೂ ಕಾಲ್ ಇತ್ತು. ಮೊದಲ ಪ್ರಶ್ನೆ ನನಗೇ. “ನಿಮ್ಮ ಸ್ಟೋರ್‌ನಲ್ಲಿ ಬೆಲ್ಲ ಯಾಕ್ರೀ ಮೂವ್ ಆಗ್ತಿಲ್ಲ?”